ಸರ್ ಎಂ. ವಿಶ್ವೇಶ್ವರಯ್ಯನವರೂ ನೀರಾ ಕಾಲುವೆಯ ರೈತರೂ

ವಿಶ್ವೇಶ್ವರಯ್ಯನವರೆಂದೊಡನೆ ಕನ್ನಂಬಾಡಿಯ ಕಟ್ಟೆಯು ಕಣ್ಣಮುಂದೆ ನಿಲ್ಲುವುದು. ಬೀದಿದೀಪದ ಕೆಳಗೆ ಓದಿದ ಕಥೆಯಂತೂ ನಮ್ಮ ಮಕ್ಕಳಿಗೆ ಕಂಠಪಾಠವಾಗಿದೆ. ಆದರೆ ಈ ಮಹನೀಯರು ತಮ್ಮ ಪ್ರಾಯದ ಇಪ್ಪತ್ತನಾಲ್ಕು ವರ್ಷಗಳನ್ನು ಕಳೆದುದು ಮುಂಬಯಿ ಪ್ರಾಂತದ ಸೇವೆಯಲ್ಲಿ. ನೀರಿನ ವಿಷಯದಲ್ಲಿ ಅವರ ಬುದ್ಧಿ ಪಳಗಿದುದು, ನಮ್ಮ ವಳಸಂಗದ ಸೀಮೆಯಂತೆಯೇ ಸಹ್ಯಾದ್ರಿಯ ಮಳೆನೆರಳಿಗೆ ಸಿಕ್ಕ ಒಣನಾಡಿನಲ್ಲಿ.

1861ನೆಯ ಸೆಪ್ಟೆಂಬರ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಸರಕಾರದ ಕೆಲಸಕ್ಕೆ ಸೇರಿದರು.

ಆಗ ಪುಣೆಯ ಪೂರ್ವಭಾಗದಲ್ಲಿ ನೀರಾ ಕಾಲುವೆ ಹರಿಯುತ್ತಿದ್ದಿತು. ಮಳೆ ಚೆನ್ನಾದ ವರ್ಷ ಅದರ ನೀರನ್ನು ಕೇಳುವವರು ಕಡಿಮೆ. ಬರ ಬಿದ್ದ ವರ್ಷ ಅದು ಎಲ್ಲರಿಗೂ ಸಾಲದು. ಕಾಲುವೆಯ ಮೊದಲ ಭಾಗದವರು ಕಬ್ಬಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ಬಿಟ್ಟು ಹೊಲವನ್ನು ಜವುಳು ಮಾಡಿಕೊಳ್ಳುವರು, ಕೊನೆಯವರು ಬರಿಯ ಕಾಲುವೆಯನ್ನು ನೋಡುವರು. ಇಲ್ಲೊಂದು ಅಲ್ಲೊಂದು ಚದರಿದ ಹೊಲಗಳಿಗೆ ಉದ್ದುದ್ದ ಹರಿಗಾಲುವೆ ತೋಡಿ, ಅರ್ಧ ನೀರು ದಾರಿಯಲ್ಲಿಯೇ ಇಂಗಿಹೋಗುವುದು. ಇದು ಕಟ್ಟೆಯ ದೋಷವಲ್ಲ, ಹಂಚಿಕೆಯ ದೋಷವೆಂದು ವಿಶ್ವೇಶ್ವರಯ್ಯನವರು ಕಂಡುಕೊಂಡರು.

ಅವರು ಸೂಚಿಸಿದುದೇ ಬ್ಲಾಕ್ ಪದ್ಧತಿ. ನೀರಿನ ಲಾಭವನ್ನು ಹೆಚ್ಚು ಹಳ್ಳಿಗಳಿಗೆ ಹರಡಬೇಕು. ಆದರೆ ಪ್ರತಿಯೊಂದು ಹಳ್ಳಿಯಲ್ಲಿ ನೀರುಣ್ಣುವ ಭೂಮಿ ಒಂದೇ ಕಡೆ, ಒಳ್ಳೆಯ ಮಣ್ಣಿನಲ್ಲಿ, ಗೊತ್ತಾದ ಎಲ್ಲೆಯೊಳಗೆ ಇರಬೇಕು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಮಾತ್ರ ಕಬ್ಬು; ಉಳಿದುದಕ್ಕೆ ಕಡಿಮೆ ನೀರು ಬೇಡುವ ಕಾಳುಕಡಿ; ಬೆಳೆಗಳು ವರ್ಷ ವರ್ಷಕ್ಕೆ ಸರದಿಯಂತೆ ಸ್ಥಳ ಬದಲಿಸಬೇಕು. ನೀರಿನ ಕರಾರು ಒಂದು ಹಂಗಾಮಿಗಲ್ಲ, ಹಲವು ವರ್ಷಗಳಿಗೆ. ಹೀಗಾದರೆ ತನಗೆಷ್ಟು ನೀರು ಬರುವುದೆಂಬುದು ರೈತನಿಗೆ ಬಿತ್ತುವ ಮೊದಲೇ ತಿಳಿಯುವುದು. ಆದರೆ ಒಬ್ಬನೇ ಒಪ್ಪಿದರೆ ಈ ಸರದಿ ನಡೆಯದು, ನೆರೆಹೊಲದವನೂ ಒಪ್ಪಬೇಕು. ಕಾಗದದ ಮೇಲೆ ಎಷ್ಟು ಸುಲಭವೋ ಬದುವಿನ ಮೇಲೆ ಅಷ್ಟೇ ಕಠಿಣ!

ಕಬ್ಬಿನ ರುಚಿ ಕಂಡ ರೈತರು ಮೊದಲು ವಿರೋಧಿಸಿದರು. ಅವರ ಭಯವೂ ಸುಳ್ಳಲ್ಲ. ಕೈಯಲ್ಲಿದ್ದ ರೊಕ್ಕದ ಬೆಳೆಯನ್ನು ಯಾರು ತಾವಾಗಿ ಕಡಿಮೆ ಮಾಡಿಕೊಂಡಾರು? ವಿಶ್ವೇಶ್ವರಯ್ಯನವರು ಹುಕುಮಿನ ಬಲವನ್ನಷ್ಟೇ ನೆಚ್ಚದೆ, ರೈತರಿಗೆ ಲೆಕ್ಕವನ್ನು ಬಿಡಿಸಿ ತಿಳಿಸಿದರು. ಕ್ರಮೇಣ ಪದ್ಧತಿ ಬೇರೂರಿತು. 1901ರಲ್ಲಿ ನೇಮಕವಾದ ನೀರಾವರಿ ಆಯೋಗದ ಮುಂದೆಯೂ ಅವರು ಇದನ್ನು ಮಂಡಿಸಿದರು. ಖಡಕವಾಸಲಾ ಕೆರೆಗೆ ಅವರು ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹೊಗಳುವವರು ಬಹಳ. ನನ್ನ ಮಟ್ಟಿಗೆ ಈ ಹಂಚಿಕೆಯೇ ಅದಕ್ಕಿಂತ ದೊಡ್ಡದು.

1908ರಲ್ಲಿ ಆ ಸೇವೆಯನ್ನು ಬಿಟ್ಟ ಅವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾದರು, 1912ರಲ್ಲಿ ದಿವಾನರಾದರು. 1955ರಲ್ಲಿ ಭಾರತರತ್ನ ಪದವಿ ಪಡೆದು, ನೂರು ವರ್ಷ ದಾಟಿ 1962ರ ಏಪ್ರಿಲಿನಲ್ಲಿ ದೇಹವಿಟ್ಟರು. ನೀರಾ ತೀರದ ಆ ಪದ್ಧತಿ ಕಾವೇರಿಯನ್ನೂ ಮುಟ್ಟಿತು: ಕನ್ನಂಬಾಡಿಯಿಂದ ಮಂಡ್ಯದ ಕಡೆಗೆ ಹೊರಟ ಕಾಲುವೆಯ ಕೆಳಗೆ ಕಬ್ಬು, ಬತ್ತ, ಒಣಬೆಳೆಗಳ ಸರದಿಯನ್ನು ಏರ್ಪಡಿಸಲಾಯಿತು. ಮೊದಲು ಇರ್ವಿನ್ ಕಾಲುವೆಯೆನಿಸಿದ್ದ ಅದಕ್ಕೆ ಈಗ ವಿಶ್ವೇಶ್ವರಯ್ಯ ಕಾಲುವೆಯೆಂದು ಹೆಸರು.