ಮಳಖೇಡಕ್ಕೆ ಬಾರದ ಯಾತ್ರಿಕ

ಶಹಾಬಾದ್ ದಾಟಿ, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಸೇಡಂ ಕಡೆಗೆ ಹೊರಟವರಿಗೆ ಬೇಸಗೆಯ ಹಗಲಿನಲ್ಲಿ ಮುಖ್ಯವಾಗಿ ಕಾಣುವುದು ಎರಡು: ಬಿರುಕು ಬಿಟ್ಟ ಕರಿಮಣ್ಣಿನ ಹೊಲ, ಅದರಾಚೆ ಸಿಮೆಂಟು ಕಾರ್ಖಾನೆಗಳ ಚಿಮಣಿ. 1874ರಲ್ಲಿ ತೆರೆದ ಈ ಹಾದಿಯಲ್ಲಿ ಚಿತ್ತಾಪುರ ಕಳೆದ ಮೇಲೆ ಮಳಖೇಡ ರೋಡ್ ಎಂಬ ಚಿಕ್ಕ ನಿಲ್ದಾಣವೊಂದು ಬರುತ್ತದೆ. ಆ ಹೆಸರಿನ ಊರು ಒಂದು ಕಾಲಕ್ಕೆ ಮಾನ್ಯಖೇಟವೆಂದು ಕರೆಯಿಸಿಕೊಂಡು ರಾಷ್ಟ್ರಕೂಟರ ರಾಜಧಾನಿಯಾಗಿತ್ತೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಅದೇ ಹೆಸರನ್ನು ಸಾವಿರ ವರ್ಷಗಳಿಗೂ ಹಿಂದೆ, ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟ್ ಎಂದು ಭೂಮಧ್ಯ ಸಮುದ್ರದ ಸುತ್ತಲ ನಾಡುಗಳಲ್ಲಿ ಅಲೆಯುತ್ತಿದ್ದ ಒಬ್ಬಾತ ತನ್ನ ಗ್ರಂಥದಲ್ಲಿ ಮನ್‌ಕೀರ್ ಎಂದು ಬರೆದಿಟ್ಟನು. ಅವನೇ ಬಾಗ್ದಾದಿನ ಅಬುಲ್ ಹಸನ್ ಅಲಿ ಅಲ್ ಮಸೂದಿ. ಅರಬರ ಹೆರೊಡೊಟಸ್ ಎಂದು ಪಂಡಿತರು ಅವನನ್ನು ಕೊಂಡಾಡುತ್ತಾರೆ.

ಅವನ ವಿಷಯವಾಗಿ ಬರೆಯುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಕೆಳಗೆ ಸೇಡಂನಲ್ಲಿ ಕೂಡಿದ್ದ ಒಂದು ಸಭೆಯಲ್ಲಿ ಮಾತಿನ ಭರಕ್ಕೆ ಸಿಕ್ಕಿ ನಾನು, ಮಸೂದಿ ಮಳಖೇಡಕ್ಕೆ ಬಂದಿದ್ದನೆಂದೂ, ಕಾಗಿಣಾ ನದಿಯ ದಂಡೆಯಲ್ಲಿ ಇಳಿದುಕೊಂಡು ರಾಷ್ಟ್ರಕೂಟರ ಸಿರಿಯನ್ನು ಕಣ್ಣಾರೆ ಕಂಡು ಬರೆದನೆಂದೂ ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು. ರಾಜಧಾನಿ ಬೆಟ್ಟಗಳ ನಡುವೆ ಇತ್ತೆಂದು ಅವನು ಬರೆದುದನ್ನೂ ಸೇರಿಸಿದೆ. ಸಭೆ ಮುಗಿದ ಮೇಲೆ, ಮಳಖೇಡದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಹಿರಿಯರೊಬ್ಬರು ನನ್ನ ಬಳಿಗೆ ಬಂದು, ಮಾಸ್ತರರು ಹೇಳಿದ ಆ ಬೆಟ್ಟಗಳು ಯಾವುವೆಂದು ಬಲು ವಿನಯದಿಂದ ಕೇಳಿದರು. ಎಪ್ಪತ್ತು ವರ್ಷ ಆ ಹೊಲಗಳಲ್ಲಿ ತಿರುಗಾಡಿದ ತಮ್ಮ ಕಣ್ಣಿಗೆ ಒಂದೂ ಬಿದ್ದಿಲ್ಲವೆಂದರು. ನಾನು ಚಿಂಚೋಳಿಯ ದಿಕ್ಕಿಗೆ ಕೈ ತೋರಿಸಿದೆ. ಚಿಂಚೋಳಿಯಾಚೆ ಕೊಂಚಾವರಂ ಕಾಡಿನಲ್ಲಿ ಗುಡ್ಡಗಳುಂಟು, ನಿಜ. ಆದರೆ ಅವು ಮಳಖೇಡಕ್ಕೆ ಒಂದೆರಡು ದಿನದ ನಡಿಗೆಯಷ್ಟು ದೂರ. ಹಿರಿಯರು ನಕ್ಕು ಸುಮ್ಮನಾದರು. ಆ ನಗೆ ನನ್ನನ್ನು ಮರಳಿ ಪುಸ್ತಕಕ್ಕೆ ಅಟ್ಟಿತು.

ಮಸೂದಿ ಹುಟ್ಟಿದ್ದು ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಬಾಗ್ದಾದಿನಲ್ಲಿ. ಪ್ರವಾದಿಯ ಸಂಗಡಿಗರಲ್ಲಿ ಒಬ್ಬರಾದ ಅಬ್ದುಲ್ಲಾ ಇಬ್ನ್ ಮಸೂದರ ಪೀಳಿಗೆಯವನೆಂಬುದರಿಂದ ಅವನಿಗೆ ಆ ಹೆಸರು. ಗ್ರಂಥಗಳಿಗೂ ಗುರುಗಳಿಗೂ ಬರವಿಲ್ಲದ ಆ ನಗರದಲ್ಲಿ ಕುಳಿತೇ ಆತ ದೊಡ್ಡ ವಿದ್ವಾಂಸನಾಗಬಹುದಿತ್ತು. ಆದರೆ ಕುಳಿತು ಬರೆಯುವವರ ಮೇಲೆ ಅವನಿಗೆ ತಾತ್ಸಾರವಿತ್ತು. ಅವನಿಗಿಂತ ಹಿಂದಿನ ಅಲ್ ಜಾಹಿಜ್ ಎಂಬ ಪ್ರಸಿದ್ಧ ಲೇಖಕನು ಸಿಂಧೂ ನದಿಯಲ್ಲಿಯೂ ಮೊಸಳೆಗಳಿವೆ, ನೈಲ್ ನದಿಯಲ್ಲಿಯೂ ಮೊಸಳೆಗಳಿವೆ, ಆದುದರಿಂದ ಎರಡರ ಮೂಲವೂ ಒಂದೇ ಎಂದು ಊಹಿಸಿದ್ದನು. ಮಸೂದಿ ಇದನ್ನು ಎತ್ತಿಕೊಂಡು, ಸಮುದ್ರ ದಾಟದೆ, ದೇಶ ಸುತ್ತದೆ, ಪುಸ್ತಕದಂಗಡಿಗಳ ಸರಕನ್ನೇ ನಂಬಿದವನ ಗತಿ ಇದೆಂದು ಜರೆಯುತ್ತಾನೆ. ಕಾಸ್ಪಿಯನ್ ಸಮುದ್ರವು ಕಪ್ಪು ಸಮುದ್ರಕ್ಕೆ ಕೂಡಿಕೊಂಡಿದೆಯೆಂದು ಹಲವರು ಬರೆದಿದ್ದುದನ್ನು ಅಲ್ಲಿನ ವರ್ತಕರನ್ನೂ ನಾವಿಕರನ್ನೂ ಕೇಳಿ ತಿಳಿದು ಅಲ್ಲಗಳೆದವನೂ ಅವನೇ.

ಹದಿಹರೆಯ ಕಳೆದು ಹೆಚ್ಚು ವರ್ಷವಾಗಿರಲಿಲ್ಲ. ಮಸೂದಿ ಮನೆ ಬಿಟ್ಟು ಹೊರಟನು. 915ರಲ್ಲಿ ಪಾರಸಿಕ ದೇಶದ ಇಸ್ತಖ್ರ್ ಪಟ್ಟಣದಲ್ಲಿ ಪುರಾತನ ಸಸಾನಿ ರಾಜರ ಚರಿತ್ರೆಯ ಗ್ರಂಥವೊಂದನ್ನು ನೋಡಿದನು. ಅಲ್ಲಿಂದ ಸಿಂಧ್ ದೇಶದ ಮುಲ್ತಾನ, ಮನ್ಸೂರಾಗಳ ಕಡೆಗೆ. ಮುಂದೆ ಗುಜರಾತಿನ ಖಂಭಾತಿಗೆ. ಆಗ ಮಾನ್ಯಖೇಟದಲ್ಲಿ ಮೂರನೆಯ ಇಂದ್ರನು ಸಿಂಹಾಸನವೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವನ ಸೇನೆ ಕನೌಜನ್ನು ಹಿಡಿದದ್ದೂ ಸುಮಾರಾಗಿ ಅದೇ ಕಾಲದಲ್ಲಿಯೇ. ಖಂಭಾತಿನಲ್ಲಿ ಮನ್‌ಕೀರದ ಒಡೆಯನ ಪರವಾಗಿ ಬ್ರಾಹ್ಮಣನೊಬ್ಬ ಆಳುತ್ತಿದ್ದನೆಂದೂ, ಊರಿಗೆ ಬಂದ ಮುಸಲ್ಮಾನರೊಡನೆ, ಇತರ ಮತದವರೊಡನೆ ಚರ್ಚೆಗೆ ಕೂಡುವುದೆಂದರೆ ಅವನಿಗೆ ಬಹಳ ಪ್ರೀತಿಯೆಂದೂ ಮಸೂದಿ ಬರೆಯುತ್ತಾನೆ. ಆ ಊರಿನ ಕಿರುಗುಟ್ಟುವ ಪಾದರಕ್ಷೆಗಳನ್ನೂ ಬಿಟ್ಟಿಲ್ಲ. ಖಾರಿಯ ನೀರು ಇಳಿದಾಗ ಬಯಲಾದ ಮರಳಿನ ಮೇಲೆ ನಾಯಿಯೊಂದು ಹೋಗುತ್ತಿದ್ದಿತು; ಅಷ್ಟರಲ್ಲಿ ಭರತದ ನೀರು ಗೋಡೆಯಂತೆ ಏರಿ ಬಂದಿತು; ಓಡಿದರೂ ನಾಯಿಗೆ ದಡ ಸಿಕ್ಕಲಿಲ್ಲ. ಸಾಮ್ರಾಜ್ಯಗಳ ಚರಿತ್ರೆ ಬರೆಯಹೊರಟವನು ಆ ನಾಯಿಯನ್ನು ಮರೆಯಲಿಲ್ಲವಲ್ಲ! ಇದೊಂದಕ್ಕಾಗಿಯೇ ಅವನು ನನಗೆ ಮೆಚ್ಚುಗೆಯಾದವನು.

ಮುಂದಿನ ನಿಲುಗಡೆ ಕೊಂಕಣದ ಸೈಮೂರ್, ಎಂದರೆ ಇಂದಿನ ಚೌಲ್. ರಾಷ್ಟ್ರಕೂಟರ ಮಾಂಡಲಿಕನಾದ ಶಿಲಾಹಾರ ಝಂಝನು ಅಲ್ಲಿ ಆಳುತ್ತಿದ್ದನು. ಸಿರಾಫ್, ಓಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದು ನೆಲೆಸಿದವರೂ, ಇಲ್ಲಿಯೇ ಹುಟ್ಟಿ ಬೆಳೆದವರೂ ಸೇರಿ ಸುಮಾರು ಹತ್ತು ಸಾವಿರ ಮುಸಲ್ಮಾನರು ಆ ಒಂದೇ ಬಂದರಿನಲ್ಲಿ ಇದ್ದರಂತೆ. ಅವರ ವ್ಯವಹಾರ ನೋಡಿಕೊಳ್ಳಲು ಅವರಲ್ಲಿಯೇ ಒಬ್ಬ ಮುಖ್ಯಸ್ಥನಿದ್ದನು. ತಾಂಬೂಲವನ್ನು ಕುರಿತು ಮಸೂದಿ ಬರೆದಿರುವುದನ್ನು ಓದಿದರೆ ಆತನೂ ಒಂದೆರಡು ಎಲೆ ಮೆದ್ದಿರಬೇಕೆಂದೇ ತೋರುತ್ತದೆ. ಎಲೆ, ಅಡಿಕೆ, ಸುಣ್ಣಗಳ ಹದ, ಒಸಡಿಗೆ ಬರುವ ಬಲ, ಬಾಯಿಗೆ ಬರುವ ಕಂಪು, ಕೆಂಪಾಗದ ಹಲ್ಲನ್ನು ಕಂಡರೆ ಇಲ್ಲಿನವರಿಗೆ ಆಗದೆಂಬುದು, ಎಲ್ಲವನ್ನೂ ಬರೆದಿದ್ದಾನೆ.

ಚೌಲಿನಿಂದ ಒಳನಾಡಿಗೆ ದಾರಿ ಇದ್ದೇ ಇತ್ತು. ಘಟ್ಟ ಹತ್ತಿ ಪೂರ್ವಕ್ಕೆ ನಡೆದಿದ್ದರೆ ಭೀಮಾ ನದಿಯ ಬಯಲು. ಅದನ್ನು ಹಿಡಿದು ಇಳಿದರೆ ಶಹಾಬಾದಿನ ಬಳಿಯ ಹೊನಗುಂಟದಲ್ಲಿ ಕಾಗಿಣಾ ಸಂಗಮ. ಅಲ್ಲಿಂದ ಮಾನ್ಯಖೇಟ ದೂರವಲ್ಲ. ಮಸೂದಿ ಆ ದಾರಿ ಹಿಡಿಯಲಿಲ್ಲ. ಹಡಗು ಹತ್ತಿ ಓಮಾನಿಗೂ ಆಫ್ರಿಕಾದ ಪೂರ್ವ ಕರಾವಳಿಗೂ ಹೊರಟುಹೋದನು. ತಾನು ತಿರುಗಿದ ಸಮುದ್ರಗಳಲ್ಲೆಲ್ಲ ಆ ಆಫ್ರಿಕಾದ ಸಮುದ್ರವೇ ಭಯಂಕರವೆಂದು ಮುಂದೆ ಬರೆದನು.

ಇನ್ನು ಅವನ ಭೂಮಧ್ಯ ಸಮುದ್ರದ ಸಂಚಾರ. ಈಗ ಬೇಸಗೆ ಬಂತೆಂದರೆ ನಮ್ಮ ಹುಡುಗರು ಬೆನ್ನಿಗೊಂದು ಚೀಲ ಬಿಗಿದುಕೊಂಡು ಗ್ರೀಸ್, ಇಟಲಿ, ಸ್ಪೇನ್ ಎಂದು ಹೊರಡುವುದುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲೆಕ್ಸಾಂಡ್ರಿಯಾದ ದಂಡೆಯಿಂದ ತನ್ನ ಪಟ ಕಳಿಸಿದ್ದನು. ಅಲ್ಲಿನ ಹವೆ ನಮ್ಮದಕ್ಕೆ ವಿಪರೀತ. ಮಳೆ ಸುರಿಯುವುದು ಚಳಿಗಾಲದಲ್ಲಿ. ಬೇಸಗೆಯೆಲ್ಲ ಒಣಹವೆ, ತಿಳಿಯಾದ ಆಕಾಶ. ಆಗಿನ ಹಡಗುಗಳು ಚಳಿಗಾಲದ ಬಿರುಗಾಳಿಗೆ ಅಂಜಿ ಬಂದರಿನಲ್ಲಿದ್ದು ಬೇಸಗೆಯಲ್ಲಿ ಹೊರಡುತ್ತಿದ್ದವು. ಪ್ರಯಾಣಕ್ಕೂ ಅದೇ ಋತು, ಯುದ್ಧಕ್ಕೂ ಅದೇ. ಸಿರಿಯಾದ ಗಡಿಯಿಂದ ಅರಬರು ಬೈಜಂಟೀನರ ಮೇಲೆ ಏರಿಹೋಗುತ್ತಿದ್ದ ದಂಡಿಗೆ ಬೇಸಗೆಯ ದಂಡೆಂದೇ ಹೆಸರಿತ್ತು. ಇಂಥ ಗಡಿನಾಡಿನಲ್ಲಿ ಮಸೂದಿ ತಿರುಗಿದನು. ಎರಡು ರಾಜ್ಯಗಳು ಸೆರೆಯಾಳುಗಳನ್ನು ಲಾಮಿಸ್ ನದಿಯ ದಡದಲ್ಲಿ ಅದಲುಬದಲು ಮಾಡಿಕೊಂಡುದನ್ನು ಒಂದೊಂದಾಗಿ ದಾಖಲೆ ಮಾಡಿದನು.

926ರಲ್ಲಿ ಆತ ಪ್ಯಾಲೆಸ್ಟೈನಿನ ತಿಬೇರಿಯಾಸಿನಲ್ಲಿದ್ದನು. ಆ ನಾಡಿನಲ್ಲಿ ಅಬು ಕಸೀರ್ ಎಂಬ ಯೆಹೂದಿ ವಿದ್ವಾಂಸನೊಡನೆ ಧರ್ಮಶಾಸ್ತ್ರದ ವಿಚಾರವಾಗಿ ಮತ್ತೆ ಮತ್ತೆ ವಾದ ನಡೆಸಿದನು. ಅಂತಿಯೋಕ್ಯ, ದಮಾಸ್ಕಸ್‌ಗಳಲ್ಲಿ ತಂಗಿದನು. ಸಮುದ್ರದ ವಿಷಯ ತಿಳಿಯಲು ಪಂಡಿತರ ಬಳಿ ಹೋಗದೆ ಸಿರಿಯಾದ ಕರಾವಳಿಯ ಜಬಲ ಎಂಬ ಊರಿನ ಅಬ್ದುಲ್ಲಾ ಇಬ್ನ್ ವಜೀರನಂಥ ನಾವಿಕರನ್ನು ವಿಚಾರಿಸಿದನು; 943ರ ಸುಮಾರಿನಲ್ಲಿ ಆ ಸಮುದ್ರವನ್ನು ಅವನಷ್ಟು ಬಲ್ಲವರು ಇರಲಿಲ್ಲವಂತೆ. ಈಜಿಪ್ಟಿನ ಫುಸ್ತಾತಿನಲ್ಲಿ, 942ರಲ್ಲಿ, ಕ್ರೈಸ್ತರ ಹಬ್ಬವೊಂದರ ರಾತ್ರಿ ನೈಲ್ ನದಿಯ ಎರಡು ದಡಗಳೂ ದೀವಟಿಗೆಗಳಿಂದ ಬೆಳಗಿದುದನ್ನೂ, ಮುಸಲ್ಮಾನರೂ ಕ್ರೈಸ್ತರೂ ಒಟ್ಟಿಗೆ ನೀರಿನ ಬಳಿ ನೆರೆದುದನ್ನೂ ಕಂಡನು. ಅದೇ ಊರಿನಲ್ಲಿ 947ರಲ್ಲಿ ಅವನ ಕೈಗೆ ಒಂದು ಪುಸ್ತಕ ಬಿದ್ದಿತು: ಸ್ಪೇನಿನ ಜೆರೋನಾ ಎಂಬಲ್ಲಿಯ ಬಿಷಪ್ಪನು ಕಾರ್ಡೋವಾದ ಯುವರಾಜನಿಗಾಗಿ ಬರೆದುಕೊಟ್ಟ ಫ್ರಾಂಕರ ಇತಿಹಾಸ. ಅದರಿಂದ ಕ್ಲೋವಿಸನಿಂದ ಹಿಡಿದು ಆಗ ಆಳುತ್ತಿದ್ದ ಲೂಯಿಯವರೆಗೆ ಫ್ರಾಂಕ್ ರಾಜರ ಪಟ್ಟಿಯನ್ನು ಇಳಿಸಿಕೊಂಡನು. ಒಂದೇ ಗ್ರಂಥದಲ್ಲಿ ಫ್ರಾನ್ಸಿನ ಆ ದೊರೆಗಳೂ ಸೇಡಂ ತಾಲ್ಲೂಕಿನ ನಮ್ಮ ದೊರೆಗಳೂ ನೆರೆಹೊರೆಯವರಾದರು.

ಅಲೆಕ್ಸಾಂಡ್ರಿಯಾದ ಹೆಸರಾಂತ ದೀಪಸ್ತಂಭವನ್ನೂ, ಅದರಡಿ ನಿಧಿಯಿದೆಯೆಂಬ ಮಾತು ನಂಬಿ ಅದನ್ನು ಅರ್ಧ ಕೆಡವಿಸಿದ ಖಲೀಫನ ಕಥೆಯನ್ನೂ ಆತ ಬರೆದನು. ಅದರ ತುದಿ ಭೂಕಂಪದಿಂದ ಉರುಳಿದ ಸುದ್ದಿಯನ್ನೂ ತನ್ನ ಕೊನೆಯ ಪುಸ್ತಕದಲ್ಲಿ ಸೇರಿಸಿದನು. ಈಗ ಆ ಜಾಗದಲ್ಲಿ ಹದಿನೈದನೆಯ ಶತಮಾನದ ಕೋಟೆಯಿದೆ; ನನ್ನ ವಿದ್ಯಾರ್ಥಿ ನಿಂತಿದ್ದುದು ಅದರ ಮುಂದೆಯೇ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು ಸಂಗತಿ. ಕ್ರೀಟ್ ದ್ವೀಪದ ಕಡೆ ಸಮುದ್ರದಲ್ಲಿ ತೇಗದ ಹಲಗೆಗಳು ಸಿಕ್ಕಿದ್ದುವು. ಅವುಗಳಲ್ಲಿ ತೆಂಗಿನ ನಾರಿನಿಂದ ಹೊಲಿಯಲು ಕೊರೆದ ತೂತುಗಳಿದ್ದುವು. ಭೂಮಧ್ಯ ಸಮುದ್ರದ ಹಡಗುಗಳಿಗೆ ಮೊಳೆ ಹೊಡೆಯುತ್ತಾರೆ. ಹಲಗೆಗಳನ್ನು ನಾರಿನಿಂದ ಹೊಲಿಯುವುದು ಹಿಂದೂ ಸಾಗರದ ರೀತಿ. ಹಾಗಾದರೆ ಈ ಹಲಗೆ ಆ ಸಮುದ್ರದಿಂದ ಇಲ್ಲಿಗೆ ಬಂದದ್ದು ಹೇಗೆ? ಲೋಕವನ್ನು ಸುತ್ತುವರಿದ ನೀರಿನ ಮೂಲಕ ಎರಡು ಸಮುದ್ರಗಳೂ ಕೂಡಿವೆಯೆಂದು ಮಸೂದಿ ತರ್ಕಿಸಿದನು. ಹಲಗೆ ತೇಲಿ ಬಂದ ದಾರಿಯೆಂದು ಅವನು ಕಲ್ಪಿಸಿದ್ದು ಚೀನಾದ ಆಚೆಯಿಂದ ಸುತ್ತಿ ಬರುವ ದಾರಿ, ಅದು ಒಪ್ಪತಕ್ಕದ್ದಲ್ಲ. ಆದರೂ ಹಲಗೆಯ ತೂತನ್ನು ನೋಡಿ ಅದರ ತವರನ್ನು ಗುರುತಿಸಿದ ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಈ ಅಲೆದಾಟದ ನಡುವೆಯೇ, 943ರಲ್ಲಿ, ಬಂಗಾರದ ಹುಲ್ಲುಗಾವಲುಗಳು ಮತ್ತು ರತ್ನಗಳ ಗಣಿಗಳು ಎಂಬರ್ಥದ ಹೆಸರಿನ ಮಹಾಗ್ರಂಥವನ್ನು ಬರೆದು, 947ರಲ್ಲಿ ತಿದ್ದಿದನು. ಪಂಪನು ತನ್ನ ಕಾವ್ಯಗಳನ್ನು ಬರೆದದ್ದು 941ರಲ್ಲಿ ಎಂಬುದನ್ನು ನೆನೆದರೆ ಕಾಲ ಎಷ್ಟು ಹತ್ತಿರವೆಂಬುದು ತಿಳಿದೀತು. ಆಗ ಮಾನ್ಯಖೇಟದಲ್ಲಿ ಮೂರನೆಯ ಕೃಷ್ಣನ ಆಳಿಕೆ. ಬಲ್ಹರಾ, ಎಂದರೆ ವಲ್ಲಭರಾಜನು, ಹಿಂದೂದೇಶದ ಅರಸರಲ್ಲಿ ಎಲ್ಲರಿಗಿಂತ ದೊಡ್ಡವನು. ಇತರ ರಾಜರು ಅವನ ದೂತರಿಗೂ ನಮಸ್ಕರಿಸುತ್ತಾರೆ. ಅವನ ಆನೆ, ಸೈನ್ಯಗಳಿಗೆ ಲೆಕ್ಕವಿಲ್ಲ. ಅವನ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವೂ ರಕ್ಷಣೆಯೂ ಮಸೀದಿಗಳೂ ಉಂಟು. ಅಲ್ಲಿನ ರಾಜರು ನಲವತ್ತು ಐವತ್ತು ವರ್ಷ ಆಳುತ್ತಾರೆ. ಮನ್‌ಕೀರದ ಜನರ ಭಾಷೆಗೆ ಕೀರಿಯಾ ಎಂದು ಹೆಸರು ಕೊಟ್ಟಿದ್ದಾನೆ. ಅದು ಕನ್ನಡವೇ ಎಂದು ಹಲವು ವಿದ್ವಾಂಸರ ಮತ. ನಾನೂ ಹಾಗೆಯೇ ನಂಬಲು ಬಯಸುತ್ತೇನೆ.

ಆದರೆ ಹಿರಿಯರ ಪ್ರಶ್ನೆ ಇಟ್ಟುಕೊಂಡು ಇದನ್ನು ಓದಿದಾಗ ಬೇರೆಯೇ ಕಂಡಿತು. ದೀರ್ಘಕಾಲ ಆಳುವ ರಾಜರ ಮಾತು 851ರ ಅರಬ್ಬೀ ಪುಸ್ತಕವೊಂದರಲ್ಲಿ ಆಗಲೇ ಇದೆ. ಆಗ ಆಳುತ್ತಿದ್ದವನು ಅರವತ್ತು ವರ್ಷಕ್ಕೂ ಮೀರಿ ಪಟ್ಟದಲ್ಲಿದ್ದ ಅಮೋಘವರ್ಷ ನೃಪತುಂಗ. ಸಮುದ್ರದಿಂದ ರಾಜಧಾನಿಗೆ ಎಂಟೆಂಟು ಮೈಲಿಯ ಎಂಬತ್ತು ಹರಿದಾರಿಯೆಂದು ಮಸೂದಿಯ ಲೆಕ್ಕ. ಎಂದರೆ 640 ಮೈಲಿ. ಚೌಲಿನಿಂದ ಮಳಖೇಡಕ್ಕೆ ಅದರ ಅರ್ಧದಷ್ಟೂ ಇರಲಾರದು. ರಾಜಧಾನಿ ಬೆಟ್ಟಗಳ ನಡುವೆ ಇರುವುದರಿಂದ ಸೈನ್ಯದಲ್ಲಿ ಕಾಲಾಳೇ ಹೆಚ್ಚು ಎಂದೂ ಬರೆದಿದ್ದಾನೆ. ಮಳಖೇಡದ ಕೋಟೆಯ ಮೇಲೆ ನಿಂತರೆ ಕಾಣುವುದು ಬಯಲು, ಕಾಗಿಣಾದ ತಿರುವು, ನೆಲದಡಿಯೆಲ್ಲ ಪದರ ಪದರವಾಗಿ ಮಲಗಿದ ಹಾಸುಗಲ್ಲು. ಚೌಲಿನ ವರ್ತಕನೊಬ್ಬ ತನ್ನ ಬೆನ್ನ ಹಿಂದಿನ ಸಹ್ಯಾದ್ರಿಯನ್ನು ತೋರಿಸಿ, ರಾಜಧಾನಿ ಅದರಾಚೆ ಎಂದಿರಬಹುದೆಂದು ನನ್ನ ಊಹೆ. ನೋಡದೆ ಬರೆದವರನ್ನು ಜರೆದವನು ನಮ್ಮ ಊರನ್ನು ನೋಡದೆಯೇ ಬರೆದಿದ್ದನು. ಆದರೆ ಖಂಭಾತಿಗೂ ಚೌಲಿಗೂ ಹೋಗಿದ್ದೆನೆನ್ನುವ ಮಸೂದಿ ಮನ್‌ಕೀರಕ್ಕೆ ಹೋಗಿದ್ದೆನೆಂದು ಎಲ್ಲಿಯೂ ಹೇಳುವುದಿಲ್ಲ. ಆ ಸುಳ್ಳು ಅವನದಲ್ಲ, ನನ್ನದು.

ಗ್ರಂಥದ ಆರಂಭದಲ್ಲಿ ಆತ ಒಂದು ಶಾಪವನ್ನಿಟ್ಟಿದ್ದಾನೆ: ತನ್ನ ಪುಸ್ತಕದ ಅರ್ಥವನ್ನು ತಿರುಚುವವನ ಮೇಲೆ, ಅದನ್ನು ಅಳಿಸಿ ಬದಲಿಸುವವನ ಮೇಲೆ ದೇವರ ಕೋಪವಿರಲಿ ಎಂದು. ಓದಿದಾಗ ನನ್ನ ಬೆನ್ನು ಚುರುಕ್ಕೆಂದಿತು.

ಕೊನೆಯ ವರ್ಷಗಳನ್ನು ಮಸೂದಿ ಫುಸ್ತಾತಿನಲ್ಲಿ ಕಳೆದನು. ಬಾಗ್ದಾದಿಗಾಗಿ ಹಂಬಲಿಸಿ ಬರೆದ ಅವನ ಮಾತುಗಳು ಉಳಿದಿವೆ. 956ರಲ್ಲಿ ಕೊನೆಯ ಪುಸ್ತಕ ಮುಗಿಸಿ ಅಲ್ಲಿಯೇ ತೀರಿಕೊಂಡನು. ಬರೆದ ಮೂವತ್ತಕ್ಕೂ ಮಿಕ್ಕ ಗ್ರಂಥಗಳಲ್ಲಿ ಹೆಚ್ಚಿನವು ನಷ್ಟವಾದುವು. ಆತ ಸತ್ತ ಹದಿನಾರು ವರ್ಷಕ್ಕೆ, 972ರಲ್ಲಿ, ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆ ಮಾಡಿದನು. ಮರುವರ್ಷ ತೈಲಪನ ಕೈಯಲ್ಲಿ ರಾಷ್ಟ್ರಕೂಟರ ರಾಜ್ಯವೇ ಮುಗಿಯಿತು. ಬಂಗಾರದ ಹುಲ್ಲುಗಾವಲುಗಳು ಮಾತ್ರ ಉಳಿದು, 1861ರಿಂದ 1877ರವರೆಗೆ ಪ್ಯಾರಿಸಿನಲ್ಲಿ ಒಂಬತ್ತು ಸಂಪುಟಗಳಾಗಿ ಅಚ್ಚಾಯಿತು.

ಕಳೆದ ಬೇಸಗೆಯಲ್ಲಿ ಮಳಖೇಡಕ್ಕೆ ಹೋಗಿ ಆ ಹಿರಿಯರನ್ನು ಹುಡುಕಿದೆ. ನೇಮಿನಾಥ ಬಸದಿಯಿಂದ ಹೆಚ್ಚು ದೂರವಿಲ್ಲದ ಮನೆ. ನೆಲಕ್ಕೆ ಶಹಾಬಾದಿನ ಫರಸಿ, ಅದರ ಮೇಲೆ ಕುಳಿತರೆ ಮೇ ತಿಂಗಳಲ್ಲಿಯೂ ತಂಪು. ಮಸೂದಿ ಇಲ್ಲಿಗೆ ಬಂದಿರಲಿಲ್ಲವೆಂದೂ, ಸಭೆಯಲ್ಲಿ ನಾನು ತಪ್ಪು ಹೇಳಿದೆನೆಂದೂ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬಾರದವನಿಗೆ ನಮ್ಮ ಊರಿನ ಹೆಸರು ಹೇಳಿಕೊಟ್ಟವರು ಯಾರಿರಬಹುದೆಂದು ಕೇಳಿದರು. ಚೌಲಿನ ಯಾರೋ ವರ್ತಕ ಎಂದೆ. ಅವನು ಇಲ್ಲಿಗೆ ಬಂದಿದ್ದನೇ ಎಂದು ಮತ್ತೆ ಕೇಳಿದರು. ಬಂದಿದ್ದಿರಬಹುದು ಎಂದೆ. ಅವರಿಗೆ ಅಷ್ಟು ಸಾಕಾದಂತೆ ತೋರಿತು. ಒಳಗಿನಿಂದ ತಾಂಬೂಲದ ತಟ್ಟೆ ತರಿಸಿ, ಎಲೆಯ ನರ ತೆಗೆದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ ನನ್ನ ಕೈಗಿತ್ತರು.