ದಿವಾನ್ ಶೇಷಾದ್ರಿ ಅಯ್ಯರ್

ಗಣಿಯೋ ಗಿರಣಿಯೋ ಒಂದೆಡೆ ತಲೆಯೆತ್ತಿದರೆ ಸಾಕು, ಜನ ಬಂದು ನೆಲೆಸುವರು, ಪೇಟೆ ಕೂಡುವುದು, ಊರು ತಾನಾಗಿಯೇ ನಗರವಾಗುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಗಿರಣಿಯ ಚಕ್ರ ತಿರುಗಲು ಶಕ್ತಿ ಬೇಕು. ಅಲ್ಲಿ ದುಡಿಯುವವರಿಗೆ ಕುಡಿಯುವ ನೀರು ಬೇಕು. ಸರಕು ಸಾಗಲು ದಾರಿ ಬೇಕು. ಇವನ್ನು ಮುಂದಾಲೋಚನೆಯಿಂದ ಒದಗಿಸದಿದ್ದರೆ ಎಂತಹ ಉದ್ಯಮವೂ ಬಹುಕಾಲ ನಿಲ್ಲಲಾರದು. ಈ ಸತ್ಯವನ್ನು ಮೈಸೂರು ಸಂಸ್ಥಾನದಲ್ಲಿ ಬಹು ಮೊದಲೇ ಅರಿತು ಕಾರ್ಯರೂಪಕ್ಕೆ ತಂದವರಲ್ಲಿ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಪ್ರಮುಖರು.

ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ ಮಲಬಾರಿನ ಪಾಲ್ಘಾಟ್ ಸಮೀಪದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ ಪದವೀಧರರಾದರು. 1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯಾಂಗ ಶಿರಸ್ತೇದಾರರಾಗಿ ಮೈಸೂರಿನ ಸೇವೆಗೆ ಸೇರಿದರು. ಮುಂದೆ ಕಾನೂನಿನ ಪದವಿಯನ್ನೂ ಪಡೆದು, ಹಂತಹಂತವಾಗಿ ಮೇಲೇರಿ, ದಿವಾನ್ ರಂಗಾಚಾರ್ಲು ಅವರು ನಿಧನರಾದ ಬಳಿಕ 1883ರಲ್ಲಿ ಸಂಸ್ಥಾನದ ದಿವಾನರಾದರು. 1901ರವರೆಗೆ, ಸುಮಾರು ಹದಿನೆಂಟು ವರ್ಷಗಳ ಕಾಲ, ಅವರು ಆ ಹೊಣೆಯನ್ನು ಹೊತ್ತರು. ಮೈಸೂರಿನಲ್ಲಿ ಅಷ್ಟು ದೀರ್ಘಕಾಲ ದಿವಾನರಾಗಿದ್ದವರು ವಿರಳ.

ಅವರು ಅಧಿಕಾರ ವಹಿಸಿಕೊಂಡಾಗ ನಾಡು 1876–78ರ ಘೋರ ಕ್ಷಾಮದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಲಕ್ಷಾಂತರ ಜನ ಅನ್ನವಿಲ್ಲದೆ ಮಡಿದಿದ್ದರು. ಬೊಕ್ಕಸದ ಮೇಲೆ ಸಾಲದ ಹೊರೆಯಿತ್ತು. ಇಂತಹ ಸಮಯದಲ್ಲಿ ಖರ್ಚನ್ನು ಕುಗ್ಗಿಸಿ ಸುಮ್ಮನಿರುವುದು ಸುಲಭದ ದಾರಿಯಾಗಿತ್ತು. ಶೇಷಾದ್ರಿ ಅಯ್ಯರ್ ಅವರು ಆ ದಾರಿಯನ್ನು ಹಿಡಿಯಲಿಲ್ಲ. ರೈಲುಮಾರ್ಗಗಳನ್ನು ವಿಸ್ತರಿಸಿದರು, ನೀರಾವರಿ ಕೆಲಸಗಳನ್ನು ಕೈಗೊಂಡರು, ಭೂಗರ್ಭ ಸಂಪತ್ತನ್ನು ಶೋಧಿಸಲು 1894ರಲ್ಲಿ ಪ್ರತ್ಯೇಕ ಇಲಾಖೆಯನ್ನೇ ತೆರೆದರು.

ಅಂದಿನ ಬೆಂಗಳೂರು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿಕೊಂಡಿತ್ತು. ಮಳೆ ಕೈಕೊಟ್ಟರೆ ಊರಿಗೆ ಊರೇ ಬಾಯಾರುತ್ತಿತ್ತು. 1884ರ ವೇಳೆಗೆ ಇಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿದ್ದವು, ಜನವಸತಿ ಹೆಚ್ಚುತ್ತಿತ್ತು. ದಿವಾನರ ಆಡಳಿತದಲ್ಲಿ ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ಸಂಗ್ರಹಿಸಿ, ಕೊಳವೆಗಳ ಮೂಲಕ ನಗರಕ್ಕೆ ತರುವ ಯೋಜನೆ ಸಿದ್ಧವಾಯಿತು. 1894ರಲ್ಲಿ ಅಲ್ಲಿ ಜಲಾಶಯ ನಿರ್ಮಾಣಗೊಂಡು, ಕೆಲವೇ ವರ್ಷಗಳಲ್ಲಿ ಬೆಂಗಳೂರಿಗರು ಶುದ್ಧೀಕರಿಸಿದ ನಲ್ಲಿ ನೀರನ್ನು ಕಂಡರು. 1898ರಲ್ಲಿ ಪ್ಲೇಗು ಹಬ್ಬಿದಾಗ ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳು ಸಾವಿನ ಮನೆಗಳಾದವು. ಆಗ ಅಗಲವಾದ ರಸ್ತೆಗಳನ್ನೂ ಗಾಳಿ ಬೆಳಕುಗಳುಳ್ಳ ನಿವೇಶನಗಳನ್ನೂ ಹೊಂದಿದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸ ಚುರುಕಾಯಿತು.

ಅವರ ಸಾಹಸಗಳಲ್ಲೆಲ್ಲ ದೊಡ್ಡದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒದಗಿಸಿದುದು. ಅಲ್ಲಿ 1880ರ ದಶಕದಲ್ಲಿ ಚಿನ್ನದ ಸಮೃದ್ಧ ಪದರ ದೊರೆತು, ಗಣಿಗಳು ದಿನೇ ದಿನೇ ಆಳಕ್ಕಿಳಿಯತೊಡಗಿದ್ದವು. ಗಣಿ ಆಳವಾದಷ್ಟೂ ಅದುರನ್ನು ಮೇಲೆತ್ತಲು, ತಳದ ನೀರನ್ನು ಹೊರಹಾಕಲು ಹೆಚ್ಚು ಶಕ್ತಿ ಬೇಕು. ಉಗಿಯಂತ್ರಗಳು ಸೌದೆಯನ್ನೂ ದೂರದಿಂದ ತರಿಸಿದ ಕಲ್ಲಿದ್ದಲನ್ನೂ ನುಂಗುತ್ತಿದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ರೈಲುಮಾರ್ಗವೇನೋ ಬಂದಿತು. ಶಕ್ತಿಯ ಕೊರತೆ ಮಾತ್ರ ಹಾಗೆಯೇ ಉಳಿಯಿತು.

ಶಿವನಸಮುದ್ರದಲ್ಲಿ ಕಾವೇರಿಯು ಕವಲೊಡೆದು ಪ್ರಪಾತಕ್ಕೆ ಧುಮುಕುತ್ತಾಳೆ. ಆ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಗಣಿಗಳಿಗೆ ಸಾಗಿಸಬೇಕೆಂದು ಆಲೋಚಿಸಲಾಯಿತು. ನಡುವಣ ದೂರ ಸುಮಾರು 147 ಕಿಲೋಮೀಟರ್. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದ ಉದಾಹರಣೆ ಅಂದು ಏಷ್ಯಾ ಖಂಡದಲ್ಲಿರಲಿಲ್ಲ. ಯೋಜನೆ ವಿಫಲವಾದರೆ ಪ್ರಜೆಗಳ ಹಣ ನೀರುಪಾಲಾಗುವ ಅಪಾಯವಿತ್ತು. ಆದರೆ ಶೇಷಾದ್ರಿ ಅಯ್ಯರ್ ಅವರದು ಕುರುಡು ಧೈರ್ಯವಾಗಿರಲಿಲ್ಲ. ಸಂಸ್ಥಾನದ ಎಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್ ಅವರನ್ನು ಯುರೋಪು, ಅಮೆರಿಕಗಳಿಗೆ ಕಳುಹಿಸಿ ಅಲ್ಲಿನ ವಿದ್ಯುದಾಗಾರಗಳನ್ನು ಪರಿಶೀಲಿಸಲಾಯಿತು. ಶಕ್ತಿಯನ್ನು ಕೊಳ್ಳುವ ಬಗ್ಗೆ ಗಣಿ ಕಂಪನಿಗಳೊಡನೆ ದೀರ್ಘಾವಧಿಯ ಕರಾರನ್ನು ಮಾಡಿಕೊಳ್ಳಲಾಯಿತು. ಕೊಳ್ಳುವವರು ಯಾರೆಂಬುದು ನಿಶ್ಚಯವಾಗಿದ್ದುದರಿಂದಲೇ ಬಡ ಸಂಸ್ಥಾನವೊಂದು ಇಂತಹ ಬೃಹತ್ ಕಾರ್ಯಕ್ಕೆ ಕೈಹಾಕಲು ಸಾಧ್ಯವಾಯಿತು.

ಕೆಲಸ ಭರದಿಂದ ಸಾಗಿತು. ಭಾರವಾದ ಯಂತ್ರಗಳನ್ನು ಎಳೆಯಲು ಆನೆಗಳನ್ನೂ ಬಳಸಲಾಯಿತು. ಆದರೆ ಅಷ್ಟರಲ್ಲಿ ದಿವಾನರ ಆರೋಗ್ಯ ಕೆಟ್ಟಿತ್ತು. 1901ರಲ್ಲಿ ಅವರು ನಿವೃತ್ತರಾದರು; ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. 1902ರ ಜೂನ್ 30ರಂದು ಕಾವೇರಿಯ ಶಕ್ತಿ ಕೋಲಾರದ ಗಣಿಗಳನ್ನು ತಲುಪಿತು. ಇನ್ನೂ ಹತ್ತು ತಿಂಗಳು ಬದುಕಿದ್ದರೆ ಅವರು ತಮ್ಮ ಯೋಜನೆಯ ಫಲವನ್ನು ಕಾಣುತ್ತಿದ್ದರು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಮುಂದೆ ಅಲ್ಲಿನ ಕಾರ್ಖಾನೆಗಳ ಬೆನ್ನೆಲುಬಾಯಿತು.

ಈ ಯೋಜನೆಗಳು ಎಲ್ಲ ಸಮಸ್ಯೆಗಳನ್ನೂ ಒಮ್ಮೆಗೇ ಪರಿಹರಿಸಿದವೆಂದು ಹೇಳಲಾಗದು. ಗಣಿಯ ಯಂತ್ರಗಳಿಗೆ ವಿದ್ಯುತ್ತು ಬಂದರೂ ಸುರಂಗದಲ್ಲಿ ದುಡಿಯುವವರ ತಟ್ಟಿಯ ಗುಡಿಸಲುಗಳು ಬಹುಕಾಲ ಕತ್ತಲಲ್ಲಿಯೇ ಉಳಿದವು. ಬೇಸಿಗೆಯಲ್ಲಿ ಕಾವೇರಿ ಬಡಕಲಾದಾಗ ವಿದ್ಯುತ್ತಿಗೆ ನೀರು ಸಾಲದಾಗುತ್ತಿತ್ತು. ಈ ಕೊರತೆಯನ್ನು ನೀಗಿಸುವುದೂ 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣವಾಯಿತು. ಬೆಂಗಳೂರು ಬೆಳೆದಂತೆ ಹೆಸರಘಟ್ಟದ ನೀರೂ ಸಾಲದೆ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರನ್ನು ತರಬೇಕಾಯಿತು. ಒಂದು ತಲೆಮಾರು ಹಾಕಿದ ಯೋಜನೆಯನ್ನು ಮುಂದಿನ ತಲೆಮಾರು ವಿಸ್ತರಿಸುತ್ತಲೇ ಇರಬೇಕೆಂಬುದಕ್ಕೆ ಇವು ನಿದರ್ಶನಗಳು.

ಈ ಎರಡು ಊರುಗಳ ಮುಂದಿನ ಕಥೆ ವಿಚಾರಾರ್ಹವಾಗಿದೆ. ನೀರು, ವಿದ್ಯುತ್ತು, ರೈಲುಗಳ ಅನುಕೂಲವಿದ್ದ ಬೆಂಗಳೂರಿಗೆ ಒಂದಾದ ಮೇಲೊಂದು ಉದ್ಯಮ ಬಂದಿತು. ಒಂದು ಗಿರಣಿ ಮುಚ್ಚಿದರೆ ಇನ್ನೊಂದು ಕಾರ್ಖಾನೆ ತೆರೆಯಿತು. ಕೋಲಾರದ ಗಣಿಯ ಊರಾದರೋ ಚಿನ್ನವೊಂದನ್ನೇ ನಂಬಿಕೊಂಡಿತ್ತು. ಬಂದ ಶಕ್ತಿಯೆಲ್ಲ ಗಣಿಯ ಬಾಯಿಗೆ ಹೋಯಿತೇ ಹೊರತು ಬೇರೆ ಉದ್ಯಮಗಳನ್ನು ಸಾಕಷ್ಟು ಬೆಳೆಸಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಸಾವಿರಾರು ಕುಟುಂಬಗಳ ಜೀವನಾಧಾರವೇ ತಪ್ಪಿತು. ಅನಂತರ ಅಲ್ಲಿನ ಸಾವಿರಾರು ಜನ ಪ್ರತಿದಿನ ಬೆಳಗಿನ ಜಾವ ರೈಲು ಹತ್ತಿ ದುಡಿಮೆಗಾಗಿ ಬೆಂಗಳೂರಿಗೆ ಹೋಗಿಬರತೊಡಗಿದರು. ಅವರನ್ನು ಹೊತ್ತೊಯ್ಯುವುದು ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹಾಕಿದ ಆ ಮಾರ್ಗವೇ. ಅಂದು ಚಿನ್ನದ ಗಣಿಗಾಗಿ ಬಂದ ದಾರಿ, ಗಣಿ ಮುಚ್ಚಿದ ಮೇಲೂ ಆ ಊರಿನ ಜನರಿಗೆ ಅನ್ನದ ದಾರಿಯಾಗಿ ಉಳಿಯಿತು.