‘ವಿದ್ಯಾರ್ಥಿ’ಯೆಂಬ ಅಂಕಿತದ ಗಣಿತಜ್ಞ

ಸ್ವಂತ ಹೆಸರನ್ನು ಮರೆಯಲ್ಲಿರಿಸಿ ಅಂಕಿತವೊಂದರಿಂದಲೇ ಲೋಕಕ್ಕೆ ಪರಿಚಿತರಾದವರು ನಮ್ಮ ನಾಡಿಗೆ ಹೊಸಬರಲ್ಲ. ವಿಜ್ಞಾನದಲ್ಲಿ ಮಾತ್ರ ಅಂಥವರು ವಿರಳ. ವಿಲಿಯಂ ಸೀಲಿ ಗಾಸೆಟ್ಟರು ಆ ವಿರಳರಲ್ಲೊಬ್ಬರು.

1876ರ ಜೂನ್ 13ರಂದು ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಜನಿಸಿದ ಅವರು, ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರಗಳನ್ನು ವ್ಯಾಸಂಗ ಮಾಡಿ, 1899ರಲ್ಲಿ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯನ್ನು ಸೇರಿದರು. ಆ ಕಾರ್ಖಾನೆಯ ಉತ್ಪನ್ನವನ್ನು ಹೊಗಳುವ ಪ್ರಸಂಗ ಇಲ್ಲಿಲ್ಲ. ಆದರೆ ಅಲ್ಲಿ ಅವರಿಗೆ ಎದುರಾದ ಪ್ರಶ್ನೆ ಯಾವ ರೈತನಿಗೂ ಅಪರಿಚಿತವಲ್ಲ. ಎರಡು ತಳಿಯ ಬಾರ್ಲಿಯನ್ನು ನಾಲ್ಕಾರು ತಾಕುಗಳಲ್ಲಿ ಬೆಳೆದಾಗ ಒಂದರ ಇಳುವರಿ ಹೆಚ್ಚೆಂದು ಕಂಡರೆ, ಅದು ತಳಿಯ ಗುಣವೋ, ಕೇವಲ ಆಕಸ್ಮಿಕವೋ? ಅಂದಿನ ಸಂಖ್ಯಾಶಾಸ್ತ್ರ ಅಳತೆಗಳು ಹೇರಳವಾಗಿದ್ದಾಗ ಮಾತ್ರ ಭರವಸೆಯಿಂದ ಉತ್ತರಿಸಬಲ್ಲುದಾಗಿತ್ತು. ಗಾಸೆಟ್ಟರ ಕೈಯಲ್ಲಿದ್ದುದು ಬೆರಳೆಣಿಕೆಯ ಅಳತೆಗಳು.

1906ರಲ್ಲಿ ಅವರು ಲಂಡನ್ನಿನ ಕಾರ್ಲ್ ಪಿಯರ್ಸನ್ನರ ಪ್ರಯೋಗಶಾಲೆಗೆ ತೆರಳಿದರು. 3000 ಅಪರಾಧಿಗಳ ಎತ್ತರವನ್ನೂ ಎಡಗೈ ನಡುಬೆರಳಿನ ಉದ್ದವನ್ನೂ ರಟ್ಟಿನ ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿ ತಮ್ಮ ಸೂತ್ರವನ್ನು ಒರೆಗೆ ಹಚ್ಚಿದರು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಇದೆಂಥ ಶ್ರಮವೆಂಬುದನ್ನು ಗಣಿತದ ಅಧ್ಯಾಪಕರು ಬಲ್ಲರು. ಫಲಿತಾಂಶ 1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಾರ್ಖಾನೆಯ ಸಮ್ಮತಿಯಿರಲಿಲ್ಲವಾಗಿ ಅವರು ‘ಸ್ಟೂಡೆಂಟ್’, ಎಂದರೆ ವಿದ್ಯಾರ್ಥಿ, ಎಂದು ಅಂಕಿತ ಹಾಕಿದರು.

ಆ ಲೇಖನದ ಒಂದು ಉದಾಹರಣೆ ಇಂದಿಗೂ ತರಗತಿಗೆ ಯೋಗ್ಯವಾದುದು. ಹತ್ತು ಮಂದಿ ರೋಗಿಗಳಿಗೆ ಎರಡು ನಿದ್ರಾಜನಕ ಔಷಧಗಳನ್ನು ಕೊಟ್ಟು ಪ್ರತಿಯೊಬ್ಬರಿಗೂ ಒದಗಿದ ಹೆಚ್ಚಿನ ನಿದ್ರೆಯನ್ನು ಅಳೆಯಲಾಗಿತ್ತು. ಪರೀಕ್ಷೆಗೆ ಆರಿಸಿಕೊಂಡ ಚರವೆಂದರೆ ಒಬ್ಬನೇ ರೋಗಿಯಲ್ಲಿ ಕಂಡ ಎರಡು ಔಷಧಗಳ ಅಂತರ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ಔಷಧಗಳಲ್ಲಿ ಭೇದವೇ ಇಲ್ಲವೆಂಬ ಶೂನ್ಯ ಪ್ರಾಕ್ಕಲ್ಪನೆಯಿಂದ ಹೊರಡಬೇಕು. ಅಂತರದ ಸರಾಸರಿ 1.58 ಗಂಟೆ, ಅದನ್ನು ಅದರ ಮಾನಕ ದೋಷವಾದ 0.39ರಿಂದ ಭಾಗಿಸಿದರೆ ಸುಮಾರು 4 ಬರುತ್ತದೆ. ಭೇದವಿಲ್ಲದಿದ್ದಲ್ಲಿ, ಹತ್ತೇ ಅಳತೆಗಳಿಂದ ಈ ಸಂಖ್ಯೆ ಯಾವುದೇ ದಿಕ್ಕಿನಲ್ಲಿ 2.26ನ್ನು ಮೀರುವುದು ನೂರಕ್ಕೆ ಐದು ಸಲ ಮಾತ್ರ. ಆದುದರಿಂದ ಆ ಪ್ರಾಕ್ಕಲ್ಪನೆಯನ್ನು ಕೈಬಿಡಬೇಕಾಗುತ್ತದೆ. ಗಾಸೆಟ್ಟರು ಔಷಧಗಳ ಹೆಸರನ್ನು ತಪ್ಪಾಗಿ ನಮೂದಿಸಿದ್ದುದು ತರುವಾಯ ಬಯಲಾಯಿತು. ಲೆಕ್ಕದ ಕ್ರಮಕ್ಕೇನೂ ಊನ ಬರಲಿಲ್ಲ.

ಈ ವಿಧಾನವನ್ನು ಪರಿಷ್ಕರಿಸಿ ‘ಟಿ’ ಪರೀಕ್ಷೆಯಾಗಿ ಬಳಕೆಗೆ ತಂದವರು ಅವರ ಕಿರಿಯ ಮಿತ್ರರಾದ ಫಿಷರ್. ಸ್ನೇಹವಿದ್ದರೂ, ಹೊಲದ ತಾಕುಗಳಿಗೆ ತಳಿಗಳನ್ನು ಚೀಟಿಯೆತ್ತಿದಂತೆ ಹಂಚಬೇಕೆಂಬ ಫಿಷರರ ಮತವನ್ನು ಗಾಸೆಟ್ಟರು ಕಡೆಯವರೆಗೂ ಒಪ್ಪಲಿಲ್ಲ. 1937ರ ಅಕ್ಟೋಬರ್ 16ರಂದು ಅವರು ಕಾಲವಾದರು. ಆ ವಾದವನ್ನು ಕುರಿತ ಅವರ ಲೇಖನ 1938ರಲ್ಲಿ ಅದೇ ‘ಬಯೋಮೆಟ್ರಿಕಾ’ದಲ್ಲಿ ಬೆಳಕು ಕಂಡಿತು, ಅಂಕಿತ ಆಗಲೂ ‘ಸ್ಟೂಡೆಂಟ್’ ಎಂದೇ ಇತ್ತು.